ಒಬ್ಬರು ಹೊರಟರು, ಗೋಡೆ ಉಳಿಯಿತು: ಬ್ಯಾಂಡ್‌ಗಳು ಸ್ವಂತ ಸ್ಟುಡಿಯೋ ಕಟ್ಟಿದಾಗ ಏನಾಗುತ್ತದೆ?

ರಾಕ್ ಬ್ಯಾಂಡ್‌ನಿಂದ ಒಬ್ಬರು ಹೊರಗೆ ಹೋದರು ಅಂದುಕೊಳ್ಳಿ. ಉಳಿದವರು ಕೂತು ಮುಂದೇನು ಅಂತ ಮಾತಾಡುವಾಗ ಒಂದು ಯೋಚನೆ ಬಂದೇ ಬರುತ್ತದೆ. ನಾವೇ ಒಂದು ಸ್ಟುಡಿಯೋ ಕಟ್ಟಿಕೊಂಡರೆ ಹೇಗೆ? ಇನ್ನು ಗಂಟೆ ಲೆಕ್ಕದ ಬಾಡಿಗೆ ಬೇಡ. ಬೇರೆಯವರ ಟೈಮ್‌ಟೇಬಲ್ ಬೇಡ. ಹೊಸದಾಗಿ ಬರುವವರ ಜೊತೆ ಆರಾಮಾಗಿ ಕೂತು ಹಾಡು ಕಟ್ಟಬಹುದು. ಕೇಳಲು ಎಷ್ಟು ಚೆನ್ನಾಗಿದೆ ಅಲ್ವಾ?

ಚೆನ್ನಾಗಿಯೇ ಇದೆ. ಆದರೆ ಇದರಲ್ಲಿ ಎರಡು ದೊಡ್ಡ ಕೆಲಸ ಸೇರಿಕೊಂಡಿವೆ. ಒಂದು, ಬ್ಯಾಂಡನ್ನು ಮತ್ತೆ ಕಟ್ಟುವುದು. ಇನ್ನೊಂದು, ಕಟ್ಟಡ ಕಟ್ಟುವುದು. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತಾರಲ್ಲ, ಇಲ್ಲಿ ಎರಡೂ ಒಂದೇ ಮುಹೂರ್ತಕ್ಕೆ ಬೀಳುತ್ತವೆ.

ಸ್ಟುಡಿಯೋ ಅಂದ ಕೂಡಲೇ ನಮ್ಮ ತಲೆಗೆ ಬರುವುದು ಮೈಕು, ಸ್ಪೀಕರು, ಸಾಫ್ಟ್‌ವೇರು. ನನ್ನ ಪ್ರಕಾರ ಅದು ಚಿಕ್ಕ ಭಾಗ. ಸ್ಟುಡಿಯೋ ಬಂದ ದಿನದಿಂದ ಬ್ಯಾಂಡ್‌ನ ಒಳಗಿನ ಸಂಬಂಧಗಳೇ ಬದಲಾಗುತ್ತವೆ. ಅಲ್ಲಿಯವರೆಗೆ ಅವರ ನಡುವೆ ಇದ್ದದ್ದು ಹಾಡು, ಗೆಳೆತನ, ಒಂದಿಷ್ಟು ಜಗಳ. ಈಗ ಆಸ್ತಿಯೂ ಬಂತು, ಸಾಲವೂ ಬಂತು. ಹಾಡಿನ ರಾಯಲ್ಟಿಯನ್ನು ಪಾಲು ಮಾಡಬಹುದು. ಗೋಡೆಯನ್ನು ಪಾಲು ಮಾಡಲು ಆಗುವುದಿಲ್ಲ.

ಈಗಲೇ ಯಾಕೆ?

ಹಿಂದೆ ದಾರಿ ಸರಳವಾಗಿತ್ತು. ಲೇಬಲ್, ಅಂದರೆ ಆಲ್ಬಂ ಹೊರತರುವ ಕಂಪನಿ, ಮುಂಗಡ ಕೊಡುತ್ತಿತ್ತು. ಆ ದುಡ್ಡಿನಲ್ಲಿ ದೊಡ್ಡ ಸ್ಟುಡಿಯೋಗೆ ಹೋಗಿ ಕೆಲವು ವಾರ ಕೂತು ಆಲ್ಬಂ ಮುಗಿಸಬೇಕು. ಆ ಮುಂಗಡ ಸಾಲದ ಹಾಗೆ. ಮೊದಲು ಅದು ತೀರಬೇಕು, ಆಮೇಲೆ ಬ್ಯಾಂಡ್‌ಗೆ ರಾಯಲ್ಟಿ. ಈ ಲೆಕ್ಕದಲ್ಲಿ ಬ್ಯಾಂಡ್‌ನವರಿಗೆ ಕೊನೆಗೆ ಕೈಗೆ ಹೆಚ್ಚೇನೂ ದಕ್ಕುವುದಿಲ್ಲ ಎಂದು ಅಮೆರಿಕದ ರೆಕಾರ್ಡಿಂಗ್ ಎಂಜಿನಿಯರ್ ಸ್ಟೀವ್ ಆಲ್ಬಿನಿ 1993ರಲ್ಲೇ ಒಂದು ಪ್ರಬಂಧದಲ್ಲಿ ಅಂಕಿಗಳನ್ನು ಹಾಕಿ ತೋರಿಸಿದ್ದರು. ಅದನ್ನು ಇವತ್ತಿಗೂ ಸಂಗೀತದವರು ಒಬ್ಬರಿಗೊಬ್ಬರು ಕಳಿಸಿಕೊಂಡು ಓದುತ್ತಾರೆ.

ಈಗ ಆ ಮುಂಗಡವೂ ಅಪರೂಪ. ಸ್ಟ್ರೀಮಿಂಗ್‌ನಿಂದ ಬರುವುದು ಎಷ್ಟು? ಒಂದು ಸಲ ಹಾಡು ಕೇಳಿದರೆ ಇಷ್ಟು ಎಂದು ಖಚಿತ ದರ ಇಲ್ಲ. ಎಲ್ಲರ ಚಂದಾ ಹಣ ಒಂದೇ ಕಡೆ ಸೇರುತ್ತದೆ. ಒಟ್ಟು ಕೇಳುವಿಕೆಯಲ್ಲಿ ನಿಮ್ಮ ಪಾಲು ಎಷ್ಟೋ ಅಷ್ಟು ನಿಮಗೆ. ಜಗತ್ತಿನ ದೊಡ್ಡ ಸ್ಟಾರ್‌ಗಳ ಜೊತೆ ಒಂದೇ ಪಾತ್ರೆಯಿಂದ ಬಡಿಸಿಕೊಳ್ಳಬೇಕು. ಸಾಲದ್ದಕ್ಕೆ 2024ರಿಂದ ಸ್ಪಾಟಿಫೈ ಇನ್ನೊಂದು ನಿಯಮ ತಂದಿದೆ. ಹಿಂದಿನ 12 ತಿಂಗಳಲ್ಲಿ ಕನಿಷ್ಠ 1,000 ಸಲ ಕೇಳಿಸಿಕೊಳ್ಳದ ಹಾಡಿಗೆ ರೆಕಾರ್ಡಿಂಗ್ ರಾಯಲ್ಟಿಯೇ ಇಲ್ಲ. 2025ರಲ್ಲಿ ವೆಲ್ವೆಟ್ ಸನ್‌ಡೌನ್ ಎಂಬ 'ರಾಕ್ ಬ್ಯಾಂಡ್' ಅದೇ ಸ್ಪಾಟಿಫೈನಲ್ಲಿ ತಿಂಗಳಿಗೆ ಹತ್ತು ಲಕ್ಷಕ್ಕೂ ಹೆಚ್ಚು ಕೇಳುಗರನ್ನು ಗಳಿಸಿತು. ಆಮೇಲೆ ನೋಡಿದರೆ ಅದು ಎಐ ಮಾಡಿದ ಸಂಗೀತ. ಅದರಲ್ಲಿ ಸದಸ್ಯರು ಬಿಟ್ಟು ಹೋಗುವ ತಾಪತ್ರಯವೇ ಇಲ್ಲ, ಬಿಡಿ.

ಅದೇ ವರ್ಷ ಡೀರ್‌ಹೂಫ್, ಕಿಂಗ್ ಗಿಜರ್ಡ್ ಆ್ಯಂಡ್ ದಿ ಲಿಜರ್ಡ್ ವಿಜರ್ಡ್ ಮುಂತಾದ ಬ್ಯಾಂಡ್‌ಗಳು ಸ್ಪಾಟಿಫೈನಿಂದ ತಮ್ಮ ಹಾಡುಗಳನ್ನೇ ವಾಪಸ್ ತೆಗೆದವು. ಕಂಪನಿಯ ಸಂಸ್ಥಾಪಕರು ಯುದ್ಧ ತಂತ್ರಜ್ಞಾನದಲ್ಲಿ ಹಣ ಹೂಡಿದ್ದು ಅವರ ಕೋಪಕ್ಕೆ ಕಾರಣ. ಇಲ್ಲಿ ಗಮನಿಸಬೇಕಾದ್ದು ಅವರು ಹೀಗೆ ಮಾಡಲು ಹೇಗೆ ಸಾಧ್ಯವಾಯಿತು ಎಂಬುದು. ಹಾಡಿನ ಮಾಸ್ಟರ್, ಅಂದರೆ ಮೂಲ ರೆಕಾರ್ಡಿಂಗ್, ಯಾರ ಕೈಲಿದೆಯೋ ಅವರು ಅದನ್ನು ಎಲ್ಲಿಡಬೇಕು, ಎಲ್ಲಿಂದ ತೆಗೆಯಬೇಕು ಎಂದು ತೀರ್ಮಾನಿಸಬಹುದು. ರೆಕಾರ್ಡಿಂಗ್ ಖರ್ಚನ್ನು ಬೇರೆಯವರು ಕೊಟ್ಟಿದ್ದರೆ ಮಾಸ್ಟರ್ ಸಾಮಾನ್ಯವಾಗಿ ಅವರದ್ದೇ ಆಗಿರುತ್ತದೆ. ಸ್ವಂತ ಸ್ಟುಡಿಯೋ ಕನಸಿನ ಹಿಂದೆ ಈ ಆಸೆ ಇದೆ, ಇದು ನ್ಯಾಯವಾದ ಆಸೆ.

ಇನ್ನೊಂದು ಕಾರಣವೂ ಇದೆ. ಬಾಡಿಗೆಗೆ ಸಿಗುತ್ತಿದ್ದ ಹಳೆಯ ಸ್ಟುಡಿಯೋಗಳು ಒಂದೊಂದಾಗಿ ಬಾಗಿಲು ಹಾಕುತ್ತಿವೆ. ಲಾಸ್ ಏಂಜಲೀಸ್‌ನ ಸೌಂಡ್ ಸಿಟಿ 2011ರಲ್ಲಿ ಬಾಡಿಗೆ ಕೊಡುವುದನ್ನು ನಿಲ್ಲಿಸಿತು, ಮತ್ತೆ ತೆರೆದದ್ದು ಕೆಲವು ವರ್ಷಗಳ ಮೇಲೆ. ವಾಷಿಂಗ್ಟನ್ ಪಕ್ಕದ ಆರ್ಲಿಂಗ್ಟನ್‌ನಲ್ಲಿದ್ದ ಇನ್ನರ್ ಇಯರ್ ಸ್ಟುಡಿಯೋ, ಫುಗಾಜಿಯಂಥ ಬ್ಯಾಂಡ್‌ಗಳು ಬೆಳೆದ ಜಾಗ, 2021ರಲ್ಲಿ ಮುಚ್ಚಿತು. ದಂಧೆ ಕೆಟ್ಟು ಮುಚ್ಚಿದ್ದಲ್ಲ. ಕಟ್ಟಡ ಇದ್ದ ಜಾಗವನ್ನು ಅಲ್ಲಿನ ಸ್ಥಳೀಯ ಆಡಳಿತ ಕೊಂಡುಕೊಂಡಿತು, ಅಷ್ಟೇ.

ಕಟ್ಟಿದವರ ಕಥೆ

ಅಮೆರಿಕದ ವಿಲ್ಕೊ ಬ್ಯಾಂಡ್ ಶಿಕಾಗೋದಲ್ಲಿ ಒಂದು ಹಳೆಯ ಕಟ್ಟಡದ ಮಹಡಿ ಹಿಡಿದು ಅದನ್ನು ಸ್ಟುಡಿಯೋ ಮಾಡಿಕೊಂಡಿತು. ಅದರ ಹೆಸರು ದಿ ಲಾಫ್ಟ್. ಇವರ ಹೆಸರಾಂತ ಆಲ್ಬಂ 'ಯಾಂಕಿ ಹೋಟೆಲ್ ಫಾಕ್ಸ್‌ಟ್ರಾಟ್' ಅಲ್ಲೇ ಆಯಿತು. ಆ ಒಂದು ಆಲ್ಬಂ ಮುಗಿಯುವಷ್ಟರಲ್ಲಿ ಏನೇನಾಯಿತು ನೋಡಿ. 2001ರ ಆರಂಭದಲ್ಲಿ ಡ್ರಮ್ಮರ್ ಕೆನ್ ಕೂಮರ್ ಹೋಗಿ ಗ್ಲೆನ್ ಕೊಚೆ ಬಂದರು. ಮಿಕ್ಸಿಂಗ್, ಅಂದರೆ ರೆಕಾರ್ಡ್ ಮಾಡಿದ ದನಿಗಳನ್ನು ಹದವಾಗಿ ಬೆರೆಸುವ ಕೆಲಸ, ಹೇಗಿರಬೇಕು ಎಂಬ ವಿಷಯಕ್ಕೆ ಹಾಡುಗಾರ ಜೆಫ್ ಟ್ವೀಡಿ ಮತ್ತು ಜೇ ಬೆನೆಟ್ ನಡುವೆ ಬಿರುಕು ಬಿತ್ತು. ಬೆನೆಟ್ ಬ್ಯಾಂಡ್‌ನಲ್ಲಿ ಹಲವು ವಾದ್ಯ ನುಡಿಸುತ್ತಿದ್ದವರು, ಜೊತೆಗೆ ರೆಕಾರ್ಡಿಂಗ್ ಯಂತ್ರಗಳ ಕೆಲಸವನ್ನೂ ನೋಡಿಕೊಳ್ಳುತ್ತಿದ್ದವರು. ಕೊನೆಗೆ ಹೊರಗಿನಿಂದ ಜಿಮ್ ಒರೂರ್ಕ್ ಬಂದು ಮಿಕ್ಸ್ ಮಾಡಿದರು. ಆಲ್ಬಂ ಮುಗಿದ ಮೇಲೆ ಬೆನೆಟ್ ಬ್ಯಾಂಡ್‌ನಲ್ಲಿ ಉಳಿಯಲಿಲ್ಲ. ಇತ್ತ ಲೇಬಲ್ ಆದ ರಿಪ್ರೈಸ್ ಆಲ್ಬಂ ಬೇಡ ಎಂದಿತು. ಬ್ಯಾಂಡ್ ಮಾಸ್ಟರ್ ಜೊತೆ ಹೊರಬಂತು. ಸೆಪ್ಟೆಂಬರ್ 2001ರಲ್ಲಿ ಇಡೀ ಆಲ್ಬಮನ್ನು ತನ್ನ ವೆಬ್‌ಸೈಟ್‌ನಲ್ಲಿ ಬಿಟ್ಟಿಯಾಗಿ ಕೇಳಿಸಿತು. 2002ರ ಏಪ್ರಿಲ್‌ನಲ್ಲಿ ನಾನ್‌ಸಚ್ ಅದನ್ನು ಹೊರತಂದಿತು. ರಿಪ್ರೈಸ್, ನಾನ್‌ಸಚ್ ಎರಡೂ ಒಂದೇ ದೊಡ್ಡ ಕಂಪನಿಯ ಅಂಗಗಳು. ಅಂದರೆ ಬೇಡ ಅಂದವರೇ ಇನ್ನೊಂದು ಜೇಬಿನಿಂದ ದುಡ್ಡು ಕೊಟ್ಟು ಅದನ್ನು ಕೊಂಡರು.

ಈ ಕಥೆಯನ್ನು ಎಲ್ಲರೂ ಗೆಲುವಿನ ಕಥೆಯಾಗಿ ಹೇಳುತ್ತಾರೆ. ಗೆಲುವು ನಿಜ. ಬಾಡಿಗೆ ಸ್ಟುಡಿಯೋ ಆಗಿದ್ದರೆ ಲೇಬಲ್ ಬೇಡ ಅಂದ ದಿನವೇ ಗಡಿಯಾರ ನೋಡಿಕೊಂಡು ಗಾಬರಿಯಾಗಬೇಕಿತ್ತು. ಹೊಸ ಡ್ರಮ್ಮರ್‌ಗೆ ತನ್ನ ನಡೆ ಹುಡುಕಿಕೊಳ್ಳಲು ಸಮಯ ಸಿಗುತ್ತಿರಲಿಲ್ಲ. ಆದರೆ ಬಾಲ ಇನ್ನೂ ಇದೆ. 2009ರ ಮೇ ತಿಂಗಳಲ್ಲಿ ಬೆನೆಟ್ ತನಗೆ ಬರಬೇಕಾದ ರಾಯಲ್ಟಿ ಬಂದಿಲ್ಲ ಎಂದು ಟ್ವೀಡಿ ಮೇಲೆ ಕೇಸು ಹಾಕಿದರು. ಅದೇ ತಿಂಗಳು ತೀರಿಕೊಂಡರು. ಯಾರು ಸರಿ ಎಂದು ಹೇಳುವುದು ನಮ್ಮ ಕೆಲಸವಲ್ಲ. ಒಟ್ಟಿಗೆ ಕೂತು ಮಾಡಿದ ಕೆಲಸದ ಲೆಕ್ಕ ಎಂಟು ವರ್ಷ ಆದರೂ ಮುಗಿದಿರಲಿಲ್ಲ ಅನ್ನುವುದನ್ನು ಮಾತ್ರ ನೋಡಿ.

ಮೈ ಬ್ಲಡಿ ವ್ಯಾಲಂಟೈನ್ ಕಥೆ ಇದಕ್ಕಿಂತ ಬಿಗಿ. 1991ರಲ್ಲಿ ಬಂದ ಅವರ 'ಲವ್‌ಲೆಸ್' ಆಲ್ಬಂ ಒಂದು ಸ್ಟುಡಿಯೋದಿಂದ ಇನ್ನೊಂದಕ್ಕೆ ಅಲೆದಾಡುತ್ತಾ ಎರಡು ವರ್ಷಕ್ಕೂ ಹೆಚ್ಚು ಎಳೆದಿತ್ತು. ಮರುವರ್ಷ ಐಲ್ಯಾಂಡ್ ರೆಕಾರ್ಡ್ಸ್ ಜೊತೆ ಒಪ್ಪಂದವಾಯಿತು. ಸಿಕ್ಕ ಮುಂಗಡವನ್ನು ಲಂಡನ್‌ನ ಸ್ಟ್ರೆಥಮ್‌ನಲ್ಲಿ ಸ್ವಂತ ಸ್ಟುಡಿಯೋ ಕಟ್ಟಲು ಹಾಕಿದರು. ಸಹಜವೇ. ಅಷ್ಟು ಸ್ಟುಡಿಯೋ ಬದಲಿಸಿದವರಿಗೆ ನಮ್ಮದೇ ಒಂದು ಜಾಗ ಇದ್ದಿದ್ದರೆ ಅನ್ನಿಸದೆ ಇರುತ್ತದಾ? 1993ರಲ್ಲಿ ಸ್ಟುಡಿಯೋ ತಯಾರಾಯಿತು. ಕೂಡಲೇ ಯಂತ್ರಗಳ ತೊಂದರೆ ಶುರು. ಕೆಲಸ ಕೂರಲೇ ಇಲ್ಲ. 1995ರಲ್ಲಿ ಬೇಸ್ ನುಡಿಸುವವರು, ಡ್ರಮ್ಮರ್ ಇಬ್ಬರೂ ಹೊರಟರು. ಮುಂದಿನ ಆಲ್ಬಂ ಬಂದದ್ದು 2013ರಲ್ಲಿ. 22 ವರ್ಷ! ಅಷ್ಟರಲ್ಲಿ ಹಳೆಯ ನಾಲ್ವರೂ ಮತ್ತೆ ಸೇರಿದ್ದರು, ಆಲ್ಬಮನ್ನು ಲೇಬಲ್ ಇಲ್ಲದೆ ತಾವೇ ಬಿಡುಗಡೆ ಮಾಡಿದರು.

ಇದಕ್ಕೆಲ್ಲ ಸ್ಟುಡಿಯೋ ಒಂದೇ ಕಾರಣ ಅಂದರೆ ತಪ್ಪಾಗುತ್ತದೆ. ಆದರೆ ಗಡುವಿಲ್ಲದ ಕೋಣೆ ಒಬ್ಬ ಪರಿಪೂರ್ಣತಾವಾದಿಯ ಕೈಗೆ ಸಿಕ್ಕರೆ ಉಳಿದವರು ಕಾಯುತ್ತಾ ಕೂರಬೇಕಾಗುತ್ತದೆ. ಕಾಯುವವರಿಗೆ ಸಂಬಳ ಇಲ್ಲ, ಶೋ ಇಲ್ಲ, ಮನೆ ಬಾಡಿಗೆ ಮಾತ್ರ ಇದೆ.

ಐಸ್‌ಲ್ಯಾಂಡ್‌ನ ಸಿಗುರ್ ರೋಸ್ 1999ರಲ್ಲಿ ಡ್ರಮ್ಮರ್ ಬದಲಾದ ಮೇಲೆ ಹಳೆಯ ಈಜುಕೊಳದ ಕಟ್ಟಡವೊಂದನ್ನು ಸ್ಟುಡಿಯೋ ಮಾಡಿಕೊಂಡು 2002ರ ಆಲ್ಬಮನ್ನು ಅಲ್ಲಿ ಮಾಡಿತು. ಅವರಿಗೆ ಅದು ಒಗ್ಗಿತು. ಕೆನಡಾದ ಆರ್ಕೇಡ್ ಫೈರ್ ಕ್ವಿಬೆಕ್‌ನ ಫಾರ್ನಮ್ ಎಂಬ ಊರಿನಲ್ಲಿ ಹಳೆಯ ಚರ್ಚೊಂದನ್ನು ಕೊಂಡು 2007ರ 'ನಿಯಾನ್ ಬೈಬಲ್' ಆಲ್ಬಮನ್ನು ಅಲ್ಲೇ ರೆಕಾರ್ಡ್ ಮಾಡಿತು. 2013ರಲ್ಲಿ ಚರ್ಚನ್ನು ಮಾರಾಟಕ್ಕಿಟ್ಟಿತು. ಮಾಡಿನ ಒಂದು ಭಾಗ ಕುಸಿದಿತ್ತು. ಹಳೆಯ ಕಟ್ಟಡದ ದನಿ ಚೆನ್ನಾಗಿರುತ್ತದೆ, ಆದರೆ ಮಾಡು ಸೋರಿದರೆ ಹಾಡು ಬರೆಯುವವರೇ ಏಣಿ ಹತ್ತಬೇಕು.

ಗೋಡೆಗೆ ಅಂಟಿಸಿದ ಫೋಮ್ ಏನೂ ತಡೆಯುವುದಿಲ್ಲ

ಈಗ ಕಟ್ಟಡದ ವಿಷಯಕ್ಕೆ ಬರೋಣ. ಇಲ್ಲಿ ಜನ ದುಡ್ಡು ಕಳೆದುಕೊಳ್ಳುವುದು ಎರಡು ಬೇರೆ ಬೇರೆ ಕೆಲಸಗಳನ್ನು ಒಂದೇ ಎಂದುಕೊಂಡಾಗ. ಶಬ್ದ ಹೊರಗೆ ಹೋಗದಂತೆ ತಡೆಯುವುದು ಒಂದು ಕೆಲಸ. ಕೋಣೆಯ ಒಳಗೆ ಶಬ್ದ ಚೆನ್ನಾಗಿ ಕೇಳುವಂತೆ ಮಾಡುವುದು ಇನ್ನೊಂದು. ಕಪ್ಪು ಕಪ್ಪು ಮೊನೆಗಳಿರುವ ಫೋಮ್ ಹಾಳೆ ಎರಡನೆಯದಕ್ಕೆ ಒಂದಿಷ್ಟು ನೆರವಾಗುತ್ತದೆ. ಮೊದಲನೆಯದಕ್ಕೆ ಅದರಿಂದ ಏನೂ ಉಪಯೋಗವಿಲ್ಲ. ಮೊಟ್ಟೆ ಟ್ರೇ ಅಂತೂ ಎರಡಕ್ಕೂ ಇಲ್ಲ. ಅದು ಬೆಂಕಿ ಹತ್ತಲು ಮಾತ್ರ ಒಳ್ಳೆಯದು.

ಲೆಕ್ಕ ಹೀಗಿದೆ. ಜೋರಾಗಿ ಬಾರಿಸುವ ಡ್ರಮ್ ಕಿಟ್ ಕೋಣೆಯೊಳಗೆ 100 ಡೆಸಿಬೆಲ್ ದಾಟುತ್ತದೆ. ರಾತ್ರಿ ಪಕ್ಕದ ಮನೆಯವರು ಮಲಗುವ ಕೋಣೆ ಸುಮಾರು 30 ಡೆಸಿಬೆಲ್‌ನಷ್ಟು ನಿಶ್ಶಬ್ದವಾಗಿರುತ್ತದೆ. ಎರಡೂ ಕಡೆ ಗಾರೆ ಮಾಡಿದ ಸಾಧಾರಣ ಇಟ್ಟಿಗೆ ಗೋಡೆ ತಡೆಯುವುದು ಹೆಚ್ಚೂಕಡಿಮೆ 45ರಿಂದ 50 ಡೆಸಿಬೆಲ್. ಉಳಿದ 20ಕ್ಕೆ ಏನು ಮಾಡುವುದು? ಗೋಡೆ ದಪ್ಪ ಮಾಡೋಣ ಅನ್ನಿಸುತ್ತದೆ. ಆದರೆ ಗೋಡೆಯ ತೂಕ ಎರಡು ಪಟ್ಟಾದರೆ ಸಿಗುವುದು ಬರೀ 5–6 ಡೆಸಿಬೆಲ್. ಇನ್ನೂ 6 ಬೇಕೆಂದರೆ ಮತ್ತೆ ಎರಡು ಪಟ್ಟು. ಈ ದಾರಿಯಲ್ಲಿ ಹೋದರೆ ಕೋಟೆ ಕಟ್ಟಬೇಕಾಗುತ್ತದೆ.

ಅದಕ್ಕೇ ಸ್ಟುಡಿಯೋ ಕಟ್ಟುವವರು ಕೋಣೆಯೊಳಗೆ ಇನ್ನೊಂದು ಕೋಣೆ ಕಟ್ಟುತ್ತಾರೆ. ಒಳಗಿನ ಗೋಡೆ, ಒಳಗಿನ ಚಾವಣಿ, ರಬ್ಬರ್ ಮೇಲೆ ಕೂರಿಸಿದ ನೆಲ. ಒಳಗಿನದಕ್ಕೂ ಹೊರಗಿನದಕ್ಕೂ ಎಲ್ಲೂ ಗಟ್ಟಿಯಾಗಿ ತಾಗಬಾರದು. ನಡುವೆ ಗಾಳಿ, ಅದರಲ್ಲಿ ರಾಕ್‌ವೂಲ್ ಎಂಬ ಕಲ್ಲುನಾರಿನ ಮೆತ್ತೆ. ಒಂದೇ ಒಂದು ಉದ್ದದ ಮೊಳೆ ಎರಡೂ ಗೋಡೆಗೆ ತಾಗಿದರೆ ಸದ್ದು ಆ ಮೊಳೆ ಹಿಡಿದು ದಾಟುತ್ತದೆ. ಬಾಗಿಲ ಕೆಳಗಿನ ಸಂದು ಇನ್ನೂ ಮೋಸ. ಗಾಳಿ ಹೋಗುವ ಕಡೆಯೆಲ್ಲ ಶಬ್ದವೂ ಹೋಗುತ್ತದೆ. ಸಂದೆಲ್ಲ ಮುಚ್ಚಿದ ಮೇಲೆ ಇನ್ನೊಂದು ಕಷ್ಟ: ಒಳಗೆ ಐದು ಜನ, ಬಿಸಿಯಾದ ಆಂಪ್‌ಗಳು (ಗಿಟಾರ್ ದನಿ ಜೋರು ಮಾಡುವ ಪೆಟ್ಟಿಗೆಗಳು), ಉಸಿರಾಡಲು ಗಾಳಿಯೇ ಇಲ್ಲ. ಗಾಳಿಗೆ ಕೊಳವೆ ಹಾಕಿದರೆ ಅದರಲ್ಲೇ ಡ್ರಮ್ ಸದ್ದು ಹೊರಟಿತು. ಹಾಗಾಗಿ ಕೊಳವೆಯನ್ನು ಅಂಕುಡೊಂಕಾಗಿ ತಿರುಗಿಸಿ, ಒಳಗೆ ಮೆತ್ತನೆಯ ಪದರ ಹಾಕಿ, ಗಾಳಿ ನಿಧಾನವಾಗಿ ಹರಿಯುವಷ್ಟು ದೊಡ್ಡದಾಗಿ ಮಾಡಬೇಕು. ಹೊಸಬರ ಬಜೆಟ್‌ನಲ್ಲಿ ಈ ಖರ್ಚು ಇರುವುದೇ ಇಲ್ಲ. ಮೊದಲ ಬೇಸಿಗೆಯಲ್ಲಿ ಗೊತ್ತಾಗುತ್ತದೆ.

ಇನ್ನು ಒಳಗಿನ ದನಿ. ಬೇಸ್ ಗಿಟಾರ್‌ನ ಅತಿ ಮಂದ್ರ ತಂತಿ, ಇ ಸ್ವರ, ಸುಮಾರು 41 ಹರ್ಟ್ಜ್. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ 343 ಮೀಟರ್. ಭಾಗಿಸಿದರೆ ಆ ಸ್ವರದ ಒಂದು ಅಲೆಯ ಉದ್ದ 8.3 ಮೀಟರ್ ಚಿಲ್ಲರೆ. ಈಗ ನಿಮ್ಮ ಕೋಣೆಯ ಉದ್ದ ಅದರ ಅರ್ಧ, ಅಂದರೆ 13–14 ಅಡಿ ಇದೆ ಎಂದುಕೊಳ್ಳಿ. ಬಹಳ ಕೋಣೆಗಳು ಅಷ್ಟೇ ಇರುತ್ತವೆ. ಬೇಸ್ ನುಡಿಸುವವರಿಗೆ ಅದೇ ಒಂದು ಸ್ವರ ಹಿಡಿದಿಡಲು ಹೇಳಿ. ನೀವು ಗೋಡೆಯ ಹತ್ತಿರ ನಿಂತುಕೊಳ್ಳಿ. ಎದೆ ನಡುಗುತ್ತದೆ. ಹಾಗೇ ಒಂದೊಂದೇ ಹೆಜ್ಜೆ ಕೋಣೆಯ ನಡುವಿಗೆ ಬನ್ನಿ. ದನಿ ಸಣ್ಣಗಾಗುತ್ತಾ ಹೋಗಿ ನಡುವಿನಲ್ಲಿ ಹೆಚ್ಚೂಕಡಿಮೆ ಮಾಯ. ಎದುರಿನ ಗೋಡೆಯತ್ತ ನಡೆದರೆ ಮತ್ತೆ ಬಂತು. ತಂತಿ ಅದೇ, ಬೆರಳು ಅದೇ. ಗೋಡೆಗೆ ಬಡಿದು ವಾಪಸ್ ಬಂದ ಅಲೆ ಹೋಗುತ್ತಿರುವ ಅಲೆಯನ್ನು ನಡುವಿನಲ್ಲಿ ಅಳಿಸಿಬಿಟ್ಟಿತು.

ಆ ನಡುವಿನಲ್ಲೇ ಕುರ್ಚಿ ಹಾಕಿ ಮಿಕ್ಸ್ ಮಾಡಿದರೆ ಏನಾಗುತ್ತದೆ? ಬೇಸ್ ಸಾಲದು ಅನ್ನಿಸಿ ಏರಿಸುತ್ತೀರಿ. ಅದೇ ಹಾಡನ್ನು ಕಾರಿನಲ್ಲಿ ಹಾಕಿದರೆ ಬಾಗಿಲುಗಳು ಅಲುಗಾಡುತ್ತವೆ. ಬೇಸ್ ನುಡಿಸುವವರಿಗೂ ಮಿಕ್ಸ್ ಮಾಡುವವರಿಗೂ ಜಗಳ ಹತ್ತುವುದು ಇಲ್ಲೇ. ಇಬ್ಬರೂ ನಿಜವನ್ನೇ ಹೇಳುತ್ತಿರುತ್ತಾರೆ, ನಿಂತ ಜಾಗ ಬೇರೆ ಅಷ್ಟೇ. ಮೂಲೆಗಳಲ್ಲಿ ಮಂದ್ರ ದನಿ ಹೀರುವ ದಪ್ಪನೆಯ ಬೇಸ್ ಟ್ರ್ಯಾಪ್ ಹಾಕುವುದು, ಕುರ್ಚಿಯನ್ನು ನಡುವಿನಿಂದ ಸರಿಸುವುದು, ಉದ್ದ ಅಗಲ ಎತ್ತರ ಮೂರೂ ಒಂದೇ ಆಗಿರದ ಕೋಣೆ ಹುಡುಕುವುದು, ಇವೇ ಪರಿಹಾರ. ದುಬಾರಿ ಸ್ಪೀಕರ್ ತಂದರೆ ಹೋಗುವ ಕಾಯಿಲೆಯಲ್ಲ ಇದು.

ವಿದ್ಯುತ್ತಿನ ಗುಂಯ್ ಸದ್ದಿನ ಬಗ್ಗೆ ಒಂದೇ ಮಾತು. ಅರ್ಥಿಂಗ್ ಸರಿಯಿಲ್ಲದ ಜಾಗದಲ್ಲಿ ಈ ಸದ್ದನ್ನು ಬೇಗ ಹಿಡಿಯುವ ಸಿಂಗಲ್ ಕಾಯಿಲ್ ಗಿಟಾರ್ ಹಿಡಿದು ಕೂತರೆ ಹಾಡಿನ ಉದ್ದಕ್ಕೂ ಅದೇ ಶ್ರುತಿಪೆಟ್ಟಿಗೆ. ಗಾರೆ ಮಾಡುವ ಮೊದಲೇ ಎಲೆಕ್ಟ್ರಿಷಿಯನ್‌ಗೆ ಹೇಳಿ ಸ್ಟುಡಿಯೋ ಲೈನ್ ಬೇರೆ ಮಾಡಿಸಿಕೊಳ್ಳಿ.

ಒಟ್ಟಿನಲ್ಲಿ ದುಡ್ಡಿನ ದೊಡ್ಡ ಪಾಲು ಕಣ್ಣಿಗೆ ಕಾಣದ ಕಡೆ ಹೋಗುತ್ತದೆ. ಫೋಟೋ ಹಾಕಿದರೆ ಯಾರೂ ಲೈಕ್ ಕೊಡದ ರಾಕ್‌ವೂಲ್, ರಬ್ಬರ್, ಬಾಗಿಲ ಪಟ್ಟಿ. ಮೈಕು ಮಾತ್ರ ಹೆದರಿಸುವಷ್ಟು ದೊಡ್ಡ ಖರ್ಚಲ್ಲ. 1965ರಲ್ಲಿ ಬಂದ ಶ್ಯೂರ್ ಎಸ್‌ಎಂ57 ಮೈಕು ಇವತ್ತಿಗೂ ಜಗತ್ತಿನಾದ್ಯಂತ ಗಿಟಾರ್ ಆಂಪ್ ಮುಂದೆ, ಸ್ನೇರ್ ಡ್ರಮ್ ಮೇಲೆ ಕೂತಿದೆ. ಸ್ವಂತ ದೊಡ್ಡ ಸ್ಟುಡಿಯೋ ಇದ್ದ ಫೂ ಫೈಟರ್ಸ್ ಕೂಡ 2011ರ ಆಲ್ಬಮನ್ನು ಡೇವ್ ಗ್ರೋಲ್ ಮನೆಯ ಗ್ಯಾರೇಜಿನಲ್ಲಿ, ಟೇಪ್ ಮೇಲೆ ರೆಕಾರ್ಡ್ ಮಾಡಿತು. ಸ್ಟುಡಿಯೋ ಇದ್ದವರಿಗೆ ಗ್ಯಾರೇಜ್ ಬೇಕು, ಗ್ಯಾರೇಜ್ ಇದ್ದವರಿಗೆ ಸ್ಟುಡಿಯೋ ಬೇಕು.

ಮೌಸ್ ಯಾರ ಕೈಲಿದೆ?

ನನಗೆ ಇಡೀ ವಿಷಯದಲ್ಲಿ ಮುಖ್ಯ ಅನ್ನಿಸುವುದು ಇದು. ಬಾಡಿಗೆ ಸ್ಟುಡಿಯೋದಲ್ಲಿ ಒಬ್ಬ ಎಂಜಿನಿಯರ್ ಇರುತ್ತಾರೆ. ಅವರು ಹೊರಗಿನವರು. ಯಾರ ಕಡೆಗೂ ಇಲ್ಲ. "ಆ ಟೇಕ್ ಸರಿ ಬಂದಿಲ್ಲ, ಇನ್ನೊಂದು ಸಲ ನುಡಿಸಿ" ಎಂದು ಅವರು ಹೇಳಿದರೆ ಯಾರಿಗೂ ಬೇಜಾರಾಗುವುದಿಲ್ಲ. ಸ್ವಂತ ಸ್ಟುಡಿಯೋದಲ್ಲಿ ಆ ಕುರ್ಚಿಗೆ ಬಂದು ಕೂರುವುದು ಬ್ಯಾಂಡ್‌ನವರೇ ಒಬ್ಬರು. ಸಾಮಾನ್ಯವಾಗಿ ಕಂಪ್ಯೂಟರ್ ಗೊತ್ತಿರುವ ಗಿಟಾರಿಸ್ಟ್. ಅದೇ ಮಾತನ್ನು ಅವರು ಹೇಳಿದರೆ? ಡ್ರಮ್ಮರ್‌ಗೆ ಕೇಳಿಸುವುದೇ ಬೇರೆ.

ಅವರ ಕಷ್ಟವೂ ಕಮ್ಮಿಯಲ್ಲ. ಎಲ್ಲರೂ ನುಡಿಸಿ ಮನೆಗೆ ಹೋದ ಮೇಲೆ ಇವರು ರಾತ್ರಿ ಕೂತು ಟೇಕ್‌ಗಳನ್ನು ಜೋಡಿಸಬೇಕು. ಕೇಬಲ್ ಸುತ್ತಿಡಬೇಕು. ಹಾರ್ಡ್ ಡಿಸ್ಕ್ ಬ್ಯಾಕಪ್ ಮಾಡಬೇಕು. ಇದಕ್ಕೆ ದುಡ್ಡಿಲ್ಲ, ಥ್ಯಾಂಕ್ಸ್ ಕೂಡ ಅಪರೂಪ. ಹೀಗೆ ಆರು ತಿಂಗಳು ಕಳೆದರೆ ಅವರಿಗೆ ಒಳಗೊಳಗೇ ಅನ್ನಿಸತೊಡಗುತ್ತದೆ, ಈ ಆಲ್ಬಂ ನಿಜವಾಗಿ ನಂದು ಅಂತ. ಉಳಿದವರಿಗೆ ಅನ್ನಿಸುವುದು, ಇವರು ನನ್ನನ್ನು ಕೇಳದೆ ನನ್ನ ಸೋಲೋ ಸಣ್ಣದು ಮಾಡಿದರಲ್ಲ ಅಂತ. ವಿಲ್ಕೊ ಒಳಗಿನ ಬಿರುಕು ಮಿಕ್ಸಿಂಗ್ ಹತ್ತಿರವೇ ಬಾಯಿ ಬಿಟ್ಟದ್ದು ಸುಮ್ನೆ ಅಲ್ಲ.

ಪರಿಹಾರ ಎರಡಿವೆ. ಒಂದು, ಆ ಕೆಲಸಕ್ಕೆ ಕೂಲಿ ಗೊತ್ತುಮಾಡಿ, ಬ್ಯಾಂಡ್ ಖಾತೆಯಿಂದಲೇ ಕೊಡಿ. ಕೂಲಿ ಸಿಕ್ಕಿದ ಕೆಲಸದ ಮೇಲೆ ಹಕ್ಕಿನ ಮಾತು ಕಡಿಮೆಯಾಗುತ್ತದೆ. ಆಲ್ಬಿನಿ ಇದನ್ನೇ ತಿರುಗಿಸಿ ಮಾಡುತ್ತಿದ್ದರು. ನಿರ್ವಾಣ ಬ್ಯಾಂಡ್‌ನ 1993ರ 'ಇನ್ ಯೂಟರೋ' ರೆಕಾರ್ಡ್ ಮಾಡಿದಾಗಲೂ ಒಂದೇ ಗಂಟು ಸಂಭಾವನೆ ತೆಗೆದುಕೊಂಡರು, ರಾಯಲ್ಟಿ ಬೇಡ ಎಂದರು. ಎರಡನೆಯದು, ರೆಕಾರ್ಡಿಂಗ್ ಸ್ವಂತ ಜಾಗದಲ್ಲಿ ಮಾಡಿ, ಮಿಕ್ಸಿಂಗ್ ಹೊರಗೆ ಕೊಡಿ. ವಿಲ್ಕೊ ಕೊನೆಗೆ ಮಾಡಿದ್ದೂ ಇದನ್ನೇ. ತಮ್ಮದೇ ಕಿವಿಗೆ ಬೇಸತ್ತವರಿಗೆ ಹೊಸ ಕಿವಿಯಷ್ಟು ಒಳ್ಳೆಯದು ಬೇರೆ ಇಲ್ಲ.

ಬಾಡಿಗೆಗೆ ಕೊಟ್ಟು ದುಡ್ಡು ಎತ್ತಬಹುದಾ?

ಸಾಲ ಮಾಡಿ ಸ್ಟುಡಿಯೋ ಕಟ್ಟುವವರೆಲ್ಲ ಹೇಳುವ ಮಾತು ಇದು. ನಾವಿಲ್ಲದ ದಿನ ಬೇರೆ ಬ್ಯಾಂಡ್‌ಗಳಿಗೆ ಬಾಡಿಗೆ ಕೊಡ್ತೀವಿ. ಕಾಗದದ ಮೇಲೆ ಸರಿಯಾಗೇ ಕಾಣುತ್ತದೆ. ಆದರೆ ಬಾಡಿಗೆಗೆ ಬರುವವರಿಗೂ ವಾರಾಂತ್ಯವೇ ಬೇಕು, ನಿಮಗೂ ಅದೇ ಬೇಕು. ಅವರು ಬಂದಾಗ ನಿಮ್ಮಲ್ಲೊಬ್ಬರು ಅಲ್ಲಿರಬೇಕು. ನಿಮ್ಮ ಡ್ರಮ್ ಚರ್ಮ ಅವರು ಹರಿಯುತ್ತಾರೆ. ನೀವು ಟೂರ್ ಹೋದರೆ ಬಾಡಿಗೆ ನಿಂತಿತು. ಬೇಗನೆ ಅದು ಎರಡನೇ ಉದ್ಯೋಗವಾಗುತ್ತದೆ.

ಆಲ್ಬಿನಿ ಈ ವಿಷಯದಲ್ಲಿ ಕಣ್ಣು ತೆರೆದುಕೊಂಡೇ ಇಳಿದವರು. ಶಿಕಾಗೋದಲ್ಲಿ 1997ರಲ್ಲಿ ಶುರುವಾದ ಅವರ ಎಲೆಕ್ಟ್ರಿಕಲ್ ಆಡಿಯೋ ಮೊದಲ ದಿನದಿಂದಲೇ ವ್ಯಾಪಾರ. ದನಿಗಾಗಿ ಒಳಗೋಡೆಗಳಿಗೆ ಸುಡದ ಮಣ್ಣಿನ ಇಟ್ಟಿಗೆ ಬಳಸಿದರು. ಅವರ ಸ್ವಂತ ಬ್ಯಾಂಡ್ ಶೆಲ್ಲಾಕ್‌ನ ಕೊನೆಯ ಮೂರು ಆಲ್ಬಂಗಳು ಬಂದದ್ದು 2007, 2014, ಆಮೇಲೆ 2024. ಕೊನೆಯದು ಅವರು ತೀರಿಕೊಂಡ ಹತ್ತು ದಿನಕ್ಕೆ ಹೊರಬಂತು. ಶೆಲ್ಲಾಕ್‌ಗೆ ಅವಸರವೇ ಇರಲಿಲ್ಲ, ಅದು ಅವರ ಆಯ್ಕೆ. ವರ್ಷಕ್ಕೊಂದು ಆಲ್ಬಂ ಬೇಕು ಅನ್ನುವ ಬ್ಯಾಂಡ್ ಮಾತ್ರ ಈ ಅಂತರ ನೋಡಿ ಸ್ವಲ್ಪ ಯೋಚಿಸಬೇಕು.

ನನಗೆ ಹಿಡಿಸುವುದು ಸಾನಿಕ್ ಯೂತ್ ದಾರಿ. 1995ರಲ್ಲಿ ಲೊಲ್ಲಾಪಲೂಜಾ ಟೂರ್‌ನಲ್ಲಿ ಮುಖ್ಯ ಬ್ಯಾಂಡ್ ಆಗಿ ನುಡಿಸಿ ಗಳಿಸಿದ ದುಡ್ಡಿನಲ್ಲಿ ನ್ಯೂಯಾರ್ಕ್‌ನ ಮರ‍್ರೆ ಸ್ಟ್ರೀಟ್‌ನಲ್ಲಿ ತಮ್ಮ ಸ್ಟುಡಿಯೋ ಮಾಡಿಕೊಂಡರು. ಬಂದ ದುಡ್ಡಿನಲ್ಲಿ ಕಟ್ಟಿದ್ದು, ಬರಲಿರುವ ದುಡ್ಡಿನಲ್ಲಿ ಅಲ್ಲ.

ಇದಕ್ಕೂ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇನ್ನೊಂದಿದೆ. ನಿಮಗೆ ಬೇಕಾದದ್ದು ಸ್ಟುಡಿಯೋನಾ, ಪ್ರ್ಯಾಕ್ಟಿಸ್ ಮಾಡುವ ಜಾಗವಾ? ದೆಹಲಿಯ ಇಂಡಿಯನ್ ಓಷನ್ ವರ್ಷಗಟ್ಟಲೆ ಕರೋಲ್ ಬಾಗ್‌ನ ಒಂದು ಹಳೆಯ ಬಂಗಲೆಯಲ್ಲಿ ಸೇರಿ ನುಡಿಸುತ್ತಿತ್ತು. 2010ರ ಆಲ್ಬಂಗೆ ಆ ಬಂಗಲೆಯ ವಿಳಾಸವನ್ನೇ ಹೆಸರಿಟ್ಟರು: '16/330 ಖಜೂರ್ ರೋಡ್'. ಹಾಡುಗಳನ್ನು ತಿಂಗಳಿಗೊಂದರಂತೆ ಉಚಿತವಾಗಿ ಕೊಟ್ಟರು. ಹಾಡುಗಾರ ಅಶೀಮ್ ಚಕ್ರವರ್ತಿ 2009ರ ಡಿಸೆಂಬರ್‌ನಲ್ಲಿ ತೀರಿಕೊಂಡಿದ್ದರು, ಅವರು ನುಡಿಸಿದ ಕೊನೆಯ ಆಲ್ಬಂ ಅದು. 2013ರಲ್ಲಿ ಗಿಟಾರ್‌ನ ಸುಸ್ಮಿತ್ ಸೇನ್ ಕೂಡ ಹೊರಟರು. ಬ್ಯಾಂಡ್ ಇನ್ನೂ ಇದೆ. ಒಟ್ಟಿಗೆ ಕೂರಲು ಒಂದು ಜಾಗ, ಕೂತದ್ದನ್ನು ಹಿಡಿದಿಡಲು ಎರಡು ಮೈಕು ಇದ್ದರೆ ಬಹಳ ಬ್ಯಾಂಡ್‌ಗಳಿಗೆ ಸಾಕು.

ಗಾರೆಗೆ ಮುಂಚೆ ಕಾಗದ

ಕಟ್ಟಲೇಬೇಕು ಅಂತ ತೀರ್ಮಾನವಾಗಿದ್ದರೆ, ಬ್ಯಾಂಡ್ ಬೇರೆ, ಸ್ಟುಡಿಯೋ ಬೇರೆ ಎಂದು ಕಾಗದದಲ್ಲಿ ಬರೆದುಕೊಳ್ಳಿ. ಹಾಡು ಬರೆದವರ ಹಕ್ಕು ಒಂದು, ರೆಕಾರ್ಡಿಂಗ್ ಮೇಲಿನ ಹಕ್ಕು ಇನ್ನೊಂದು, ಕಟ್ಟಡದ ಪಾಲು ಮೂರನೆಯದು. ಒಬ್ಬರೇ ಮೂರರಲ್ಲೂ ಇರಬಹುದು, ಒಂದರಲ್ಲಿ ಮಾತ್ರ ಇರಬಹುದು. ಪ್ರತಿ ಹಾಡಿನ ಪಾಲನ್ನು ರೆಕಾರ್ಡ್ ಮಾಡಿದ ದಿನವೇ ಬರೆದು ಎಲ್ಲರೂ ಸಹಿ ಹಾಕಿ. ಹಿಟ್ ಆದ ಮೇಲೆ ಎಲ್ಲರಿಗೂ ಎಲ್ಲವನ್ನೂ ತಾವೇ ಬರೆದ ನೆನಪು ಬರುತ್ತದೆ. ಯಾವ ಆಂಪ್ ಯಾರದು, ಯಾವ ಮೈಕು ಬ್ಯಾಂಡ್‌ನದು ಎಂಬ ಪಟ್ಟಿಯೂ ಬೇಕು. ಯಾರಾದರೂ ಹಾಕಿದ ದುಡ್ಡು ಸಾಲವಾ, ಪಾಲಾ ಎಂಬುದೂ ಅದರಲ್ಲಿರಲಿ.

ಒಬ್ಬರು ಹೊರಟಾಗ ಎಷ್ಟು ಕೊಡಬೇಕು? ಇದೇ ಎಲ್ಲರೂ ಮುಂದೂಡುವ ಪ್ರಶ್ನೆ. ಒಂದು ಲೆಕ್ಕ ಹಾಕಿ ನೋಡೋಣ. ನಾಲ್ಕು ಜನ ತಲಾ 25ರಂತೆ ಒಟ್ಟು 100 ಹಾಕಿದರು ಎಂದುಕೊಳ್ಳಿ. ಅದರಲ್ಲಿ 60 ಗೋಡೆ, ನೆಲ, ಬಾಗಿಲಿಗೆ ಹೋಯಿತು. 40 ಸಾಮಾನಿಗೆ. ಕಟ್ಟಡದ ಕರಾರು 5 ವರ್ಷದ್ದು. ಬಾಡಿಗೆ ಕಟ್ಟಡದಲ್ಲಿ ಕಟ್ಟಿದ ಗೋಡೆಯನ್ನು ಯಾರೂ ಕಿತ್ತುಕೊಂಡು ಹೋಗಿ ಮಾರಲಾರರು. ಆದ್ದರಿಂದ ಆ 60 ಆಸ್ತಿಯಲ್ಲ, ಮುಂಗಡವಾಗಿ ಕಟ್ಟಿದ 5 ವರ್ಷದ ಬಾಡಿಗೆ. ಎರಡು ವರ್ಷಕ್ಕೆ ಬೇಸ್ ನುಡಿಸುವವರು ಹೊರಟರೆ 24 ಬಳಸಿ ಆಯಿತು, 36 ಉಳಿಯಿತು. ಸಾಮಾನಿಗೆ ಸೆಕೆಂಡ್ ಹ್ಯಾಂಡ್ ಬೆಲೆ ಅರ್ಧ ಸಿಕ್ಕರೆ 20. ಒಟ್ಟು 56. ನಾಲ್ಕರಲ್ಲಿ ಒಂದು ಪಾಲು 14. ಹಾಕಿದ್ದು 25, ಸಿಗುವುದು 14, ಅದೂ ಕಂತಿನಲ್ಲಿ. ಹೊರಡುವ ದಿನ ಈ ಅಂಕಿ ಕೇಳಿದರೆ ಮೋಸ ಅನ್ನಿಸುತ್ತದೆ. ಕಟ್ಟುವ ಮೊದಲೇ ಎಲ್ಲರೂ ಒಪ್ಪಿದ ಸೂತ್ರವಾಗಿದ್ದರೆ ಬರೀ ಲೆಕ್ಕ ಅನ್ನಿಸುತ್ತದೆ. "ನಾವು ಫ್ರೆಂಡ್ಸ್ ಅಲ್ವಾ, ಇದೆಲ್ಲ ಯಾಕೆ?" ಎಂದು ಒಬ್ಬರಾದರೂ ಕೇಳುತ್ತಾರೆ. ಅವರಿಗೂ ಈ ಲೆಕ್ಕವನ್ನೇ ತೋರಿಸಿ, ಹೊರಡುವವರು ನೀವೇ ಆಗಿದ್ದರೆ ಎಷ್ಟು ಕೇಳುತ್ತಿದ್ದಿರಿ ಎಂದು ಕೇಳಿ.

ಉಳಿದದ್ದು ಹೊಸದಾಗಿ ಬರುವವರ ವಿಷಯ. ಹೊಸ ಡ್ರಮ್ಮರ್ ಬಂದ ತಕ್ಷಣ ಕಟ್ಟಡದ ಸಾಲದಲ್ಲಿ ಪಾಲು ಹೊರಿಸುವ ಬ್ಯಾಂಡ್‌ಗಳಿವೆ. ಅವರು ಕಟ್ಟದ ಗೋಡೆ, ಅವರು ಆರಿಸದ ಬಣ್ಣ, ಯಾಕೆ ಹೊರಬೇಕು? ಇನ್ನು ಕೆಲವರು ಹೊಸಬರನ್ನು ಬಾಡಿಗೆ ಕಲಾವಿದರಂತೆ ಇಟ್ಟುಕೊಂಡು ಕೀಲಿಯನ್ನೂ ಕೊಡುವುದಿಲ್ಲ. ಎರಡೂ ಸರಿಯಲ್ಲ. ಮೊದಲ ಆಲ್ಬಂ ಮುಗಿಯುವವರೆಗೆ ಪ್ರತಿ ಸೆಷನ್‌ಗೆ ಸಂಭಾವನೆ ಕೊಡಿ, ಅವರೂ ಸೇರಿ ಕಟ್ಟಿದ ಹಾಡಿನಲ್ಲಿ ಪಾಲು ಕೊಡಿ, ಮೊದಲ ದಿನವೇ ಕೀಲಿ ಕೊಡಿ. ಗೋಡೆಯ ಪಾಲು ಬೇಕಾ ಬೇಡವಾ ಎಂದು ಆಲ್ಬಂ ಮುಗಿದ ಮೇಲೆ ಅವರನ್ನೇ ಕೇಳಿ. ಬೇಡ ಅಂದರೆ ಬಲವಂತ ಬೇಡ.